ದೇವರ ಮನೆಯ ರೂಟರ್

ವೈಫೈ ಬೇರೆ, ಇಂಟರ್ನೆಟ್ ಬೇರೆ. ಈ ಒಂದು ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿ ಹೋಗಿದೆ. ಚಳ್ಳಕೆರೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಮೊಳಕಾಲ್ಮುರುವಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ. ಸೀಟು ಸಿಕ್ಕಿತೆಂದು ಕಣ್ಣು ಮುಚ್ಚಿದರೆ ಸಾಕು, ಪಕ್ಕದವರು ಮೊಬೈಲನ್ನು ಮೂಗಿನ ಮುಂದೆ ಹಿಡಿಯುತ್ತಾರೆ.

"ಮೇಡಂ, ಮನ್ಯಾಗೆ ವೈಫೈ ಫುಲ್ ತೋರಿಸ್ತೈತೆ. ಏನೂ ಬರಲ್ಲ ನೋಡ್ರಿ."

ನೋಡುವುದೇನಿದೆ? ವೈಫೈ ಎಂದರೆ ನಿಮ್ಮ ಮೊಬೈಲಿಗೂ ಮನೆಯಲ್ಲಿರುವ ಪೆಟ್ಟಿಗೆಗೂ ನಡುವೆ ಇರುವ ಒಳದಾರಿ, ಅಷ್ಟೇ. ಆ ಪೆಟ್ಟಿಗೆಯಿಂದ ಆಚೆ ಊರು ದಾಟಿ ಹೋಗುವ ದಾರಿ ಇಂಟರ್ನೆಟ್ಟಿನದು. ಒಳದಾರಿ ಎಷ್ಟೇ ಚೆನ್ನಾಗಿರಲಿ, ಹೊರದಾರಿ ಕಡಿದುಹೋಗಿದ್ದರೆ ಆ ಪೂರ್ತಿ ಗೆರೆಗಳನ್ನು ಕಟ್ಟಿಕೊಂಡು ಏನು ಮಾಡುತ್ತೀರಿ? ಇಷ್ಟು ಹೇಳುವ ಹೊತ್ತಿಗೆ ನನ್ನ ದನಿ ಏರಿರುತ್ತದೆ, ಅವರ ಮುಖ ಸಣ್ಣಗಾಗಿರುತ್ತದೆ. ಆಮೇಲೆ ನನಗೇ ಬೇಜಾರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮತ್ತೆ ಅದನ್ನು ತೆಲುಗಿನಲ್ಲಿ ಹೇಳುತ್ತಾರೆ.

ಗಂಡನ ಮನೆಯವರು ತಮ್ಮತಮ್ಮಲ್ಲಿ ಆಡುವುದು ತೆಲುಗು. ನಾನು ದೊಡ್ಡಉಳ್ಳಾರ್ತಿಯವಳು, ಅಚ್ಚ ಕನ್ನಡದ ಮನೆಯವಳು. ತೆಲುಗು ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೂ ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ನನ್ನೊಡನೆ ಆಡುವುದು ಕನ್ನಡವನ್ನೇ. ದೇವರ ಹತ್ತಿರ, ಮಗನ ಹತ್ತಿರ, ಮಗಳ ಹತ್ತಿರ, ಎಮ್ಮೆಯ ಹತ್ತಿರ ಕೂಡ ತೆಲುಗು. ನನಗೆ ಮಾತ್ರ ಕನ್ನಡ. ನೆಂಟರಿಗೆ ಬೇರೆ ಲೋಟ ತೆಗೆದಿಟ್ಟ ಹಾಗೆ. ಅದು ಮರ್ಯಾದೆಯೋ ದೂರವೋ ನನಗೆ ಗೊತ್ತಾಗುತ್ತಿರಲಿಲ್ಲ. ಕೇಳುವುದಕ್ಕೆ ನನ್ನ ಬಿಗುಮಾನ ಬಿಡುತ್ತಿರಲಿಲ್ಲ.

ಮನೆಗೆ ಫೈಬರ್ ಲೈನ್ ಹಾಕಿಸಲೇಬೇಕೆಂದು ಹಟ ಹಿಡಿದವಳು ನಾನು. ಕಾರಣ ನನ್ನ ನಾದಿನಿ. ಗಂಡನ ಜೊತೆ ಬಾಳುವುದು ಸಾಧ್ಯವೇ ಇಲ್ಲವೆಂದಾದ ಮೇಲೆ ಅವಳು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಮಗು ಎರಡನೇ ಕ್ಲಾಸು. ಅವಳ ಗಂಡ ತನ್ನ ಊರಿನ ಕೋರ್ಟಿನಲ್ಲಿ ಮಗು ತನಗೆ ಬೇಕೆಂದು ಕೇಸು ಹಾಕಿದ. ಆ ಊರು ರೈಲಿನಲ್ಲಿ ಒಂದು ರಾತ್ರಿ, ಒಂದು ಹಗಲಿನ ದೂರ. ಅದಕ್ಕೆ ವಿಡಿಯೋದಲ್ಲೇ ಹಾಜರಾಗಲು ಕೋರ್ಟು ಅವಳಿಗೆ ಒಪ್ಪಿಗೆ ಕೊಟ್ಟಿತ್ತು.

ಮೊದಲ ಸಲ ಮಾಳಿಗೆ ಹತ್ತಿ ಮೊಬೈಲ್ ಡೇಟಾದಲ್ಲಿ ಹಾಜರಾಗಲು ನೋಡಿದಳು. ನಮ್ಮ ಬೀದಿ ಬಂಡೆಗುಡ್ಡದ ಬುಡದಲ್ಲಿದೆ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳ ಮುಖ ಪರದೆಯ ಮೇಲೆ ಚೂರುಚೂರಾಗಿ ನಿಂತೇ ಹೋಯಿತಂತೆ. ಆಚೆ ಕಡೆಯ ವಕೀಲರು "ಮಗುವನ್ನು ಬಚ್ಚಿಟ್ಟು ನೆಪ ಹೇಳುತ್ತಿದ್ದಾರೆ" ಎಂದು ಬರೆಸಿಬಿಟ್ಟರು. ನಮ್ಮ ವಕೀಲರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: ಮುಂದಿನ ಸಲ ತಾಯಿ, ಮಗು ಇಬ್ಬರೂ ಜಡ್ಜ್ ಎದುರು ಸರಿಯಾಗಿ ಕಾಣಬೇಕು, ಮಾತಾಡಬೇಕು. ಇಲ್ಲದಿದ್ದರೆ ಕೇಸು ಮುಗಿಯುವ ತನಕ ಮಗುವನ್ನು ತಂದೆಯ ಹತ್ತಿರ ಬಿಡಿ ಎಂದು ಆದೇಶವಾಗಬಹುದು.

ಅವತ್ತೇ ನಾನು ಅಂದೆ, "ಫೈಬರ್ ಹಾಕಿಸೋಣ. ಅದರ ಜವಾಬ್ದಾರಿ ನಂದು." ಹೀಗೆ ಎದೆ ತಟ್ಟಿಕೊಳ್ಳುವುದು ನನ್ನ ಸ್ವಭಾವ.

ಮೊಬೈಲ್ ಡೇಟಾಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅತ್ತೆ ಕೇಳಿದರು. ನಮ್ಮ ಬೀದಿಯ ನಲ್ಲಿಯನ್ನೇ ತೋರಿಸಿ ಹೇಳಿದೆ. ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ಪೈಪು ಹಾಕಿದರೆ ನಮ್ಮ ಕೊಡಕ್ಕೆ ದಾರದಷ್ಟು ನೀರು ಬೀಳುವುದಿಲ್ಲವೇ? ಒಂದು ದಾರಿಯಲ್ಲಿ ಒಂದು ಹೊತ್ತಿಗೆ ಎಷ್ಟು ಹರಿಯಬಹುದೋ ಅದಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಮಾತಿಗೆ ಸ್ವಲ್ಪ ಸಾಕು, ಮುಖ ಕಾಣಬೇಕೆಂದರೆ ಜಾಸ್ತಿ ಬೇಕು. "ಹಂಗಾದ್ರೆ ನಮ್ದು ನಮಗೇ ಬೇರೆ ನಲ್ಲಿ ಅನ್ನು," ಅಂದರು ಅತ್ತೆ. ಫೈಬರ್ ದಾರಿಯನ್ನೂ ಒಂದಷ್ಟು ಮನೆಗಳು ಹಂಚಿಕೊಳ್ಳುತ್ತವೆ; ಆದರೆ ಅದರ ಬಾಯಿ ದೊಡ್ಡದು. ಅತ್ತೆಗೆ ಅಷ್ಟು ತಿಳಿದರೆ ಸಾಕೆಂದು ಹೂಂ ಅಂದೆ.

ಲೈನ್ ಹಾಕಲು ಬಂದವನಿಗೆ ನಮ್ಮ ಕಲ್ಲುಗೋಡೆ ಕೊರೆಯಲು ಆಗಲಿಲ್ಲ. ದೇವರ ಮನೆಯ ಕಿಟಕಿಯಲ್ಲಿ ಹಳೇ ತೂತೊಂದಿತ್ತು, ಪಕ್ಕದಲ್ಲೇ ಸೀರಿಯಲ್ ದೀಪದ ಸೆಟ್ಟಿನ ಪ್ಲಗ್ಗೂ ಇತ್ತು. ಅಲ್ಲೇ ಗೂಡಿನಲ್ಲಿ ಪೆಟ್ಟಿಗೆ ಕೂರಿಸಿದ. ಹೊರಗಿನಿಂದ ಬರುವ ತಂತಿಯೊಳಗೆ ಕೂದಲೆಳೆಯಂಥ ಗಾಜಿನ ನೂಲು. ಅದರಲ್ಲಿ ಬರುವುದು ಬೆಳಕು. ಆ ಬೆಳಕನ್ನು ನಮ್ಮ ಕಂಪ್ಯೂಟರಿಗೆ ತಿಳಿಯುವ ಹಾಗೆ ಬದಲಿಸುವುದನ್ನು ಜನ ಮೋಡೆಮ್ ಎನ್ನುತ್ತಾರೆ. ಮನೆಯ ಮೊಬೈಲು, ಲ್ಯಾಪ್‌ಟಾಪುಗಳಿಗೆಲ್ಲ ಒಂದೊಂದು ನಂಬರು ಕೊಟ್ಟು, ಯಾರು ಕೇಳಿದ್ದನ್ನು ಅವರಿಗೇ ಮುಟ್ಟಿಸುವುದು ರೂಟರ್. ಆ ನಂಬರೇ ಐಪಿ ವಿಳಾಸ, ಮನೆಯ ಬಾಗಿಲಿನ ನಂಬರಿದ್ದ ಹಾಗೆ. ನಮ್ಮದರಲ್ಲಿ ಈ ಎರಡು ಕೆಲಸಕ್ಕೂ ಒಂದೇ ಪೆಟ್ಟಿಗೆ.

"ಹಗಲೂ ರಾತ್ರಿ ದೀಪ ಉರಿಯೋ ವಸ್ತು. ದೇವರ ಪಕ್ಕನೇ ಇರ್ಲಿ ಬಿಡು," ಅಂದರು ಅತ್ತೆ. ಹಾಲಿಗೆ ಸಾಗಿಸಿ ಎಂದು ನಾನು ಎರಡು ಮಾತು ಆಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಆ ಪೆಟ್ಟಿಗೆ ಅತ್ತೆಯ ರಾಜ್ಯಕ್ಕೆ ಸೇರಿತು. ಅದಕ್ಕೂ ವಿಭೂತಿ, ಕುಂಕುಮ. ಶುಕ್ರವಾರ ಸಂಜೆ ಪಕ್ಕದ ಮನೆಯವಳು ಪಾಸ್‌ವರ್ಡ್ ಕೇಳಿಕೊಂಡು ಬಂದರೆ, "ದೀಪ ಹಚ್ಚಿದ ಮೇಲೆ ಕೊಡಬಾರದು, ನಾಳೆ ಬಾರವ್ವ" ಎಂದು ವಾಪಸು ಕಳಿಸುವರು. ಉಪ್ಪು, ಹೆಪ್ಪಿನ ಸಾಲಿಗೆ ಪಾಸ್‌ವರ್ಡೂ ಸೇರಿತ್ತು. ಬೀದಿಯವರಿಗೆಲ್ಲ ಪಾಸ್‌ವರ್ಡ್ ಹಂಚಬೇಡಿ ಎಂದು ನಾನು ಹೇಳಿ ಹೇಳಿ ಆಗದ ಕೆಲಸವನ್ನು ದೀಪ ಮಾಡಿತೆಂದು ನಾನೂ ನಕ್ಕು ಸುಮ್ಮನಾದೆ.

ವಿಚಾರಣೆಯ ದಿನ ಬೆಳಿಗ್ಗೆ ನಾನು ಹೊರಗಾದೆ. ನಮ್ಮ ಮನೆಯಲ್ಲಿ ಮುಟ್ಟಾದವರನ್ನು ಮೂಲೆಯಲ್ಲಿ ಕೂರಿಸುವುದಿಲ್ಲ, ಊಟ ನಿದ್ದೆಗೆ ಬೇರೆ ಜಾಗವಿಲ್ಲ. ಆದರೆ ದೇವರ ಮನೆಯ ಹೊಸ್ತಿಲು ಮಾತ್ರ ದಾಟುವ ಹಾಗಿಲ್ಲ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಜಗಳ ಬೇಡವೆಂದು ಒಪ್ಪಿಕೊಂಡಿದ್ದೆ.

ಮಾವ, ಗಂಡ ಇಬ್ಬರೂ ಶೇಂಗಾ ಲೋಡಿನ ಜೊತೆ ಚಳ್ಳಕೆರೆಗೆ ಹೋಗಿದ್ದರು. ನಾನು ರಜೆ ಹಾಕಿ ಹಾಲಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿದೆ. ಚಹಾದ ಹೊತ್ತಿಗೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿತ್ತು. ನಾದಿನಿ ಮಗುವಿಗೆ ಎರಡು ಜಡೆ ಹಾಕಿ, ತಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಕೂತಳು. ಅತ್ತೆ ಸ್ನಾನ ಮಾಡಿ ಬಹಳ ಹೊತ್ತು ಪೂಜೆ ಮಾಡಿ, ದೇವರ ಮನೆಯ ಬಾಗಿಲು ಮುಂದೆ ಮಾಡಿಕೊಂಡು ಬಂದು ಗೋಡೆಗೆ ಒರಗಿದರು. ಹನ್ನೊಂದಕ್ಕೆ ಕೋರ್ಟು. ಸ್ವಲ್ಪ ಮುಂಚೆ ಸೇರಿಕೊಳ್ಳೋಣವೆಂದು ಲಿಂಕ್ ಒತ್ತಿದೆ.

ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಮೂಲೆಯಲ್ಲಿ ವೈಫೈ ಗೆರೆಗಳು ಪೂರ್ತಿ ಇವೆ, ಕೆಳಗೆ ಇಂಟರ್ನೆಟ್ ಇಲ್ಲ ಎಂಬ ಸಾಲು.

ಬಸ್ಸಿನಲ್ಲಿ ಎಷ್ಟು ಜನರಿಗೆ ರೇಗಿದ್ದೆನೋ ಅದೇ ಸಾಲು ಈಗ ನನ್ನ ಮನೆಯಲ್ಲೇ ಬಂದು ಕೂತಿತ್ತು.

"ಅತ್ತಿಗೆ, ಏನಾಯ್ತು?" ನಾದಿನಿ ಪರದೆಯ ಕಡೆ ಬಗ್ಗಿದಳು.

"ಏನಿಲ್ಲ, ಇರು," ಅಂದೆ. ಅವಳ ಮೊಬೈಲನ್ನು ಕೈಗೆ ಕೊಟ್ಟೆ. "ಮಗು ಕರ್ಕೊಂಡು ಮಾಳಿಗೆ ಹತ್ತು. ಡೇಟಾದಾಗೆ ಒಳಗೆ ಸೇರ್ಕೊಂಡಿರು. ಮುಖ ಕಾಣದಿದ್ರೂ ಹೆಸರಾದ್ರೂ ಅಲ್ಲಿರ್ಲಿ. ನಾನು ಕೂಗೋತನಕ ಇಳೀಬ್ಯಾಡ."

ಅವರಿಬ್ಬರೂ ಮೆಟ್ಟಿಲು ಹತ್ತಿದರು. ನಾನು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ನೋಡುತ್ತಾ ಬಂದೆ. ಐಪಿ ವಿಳಾಸ ಬಂದಿದೆ, ಅಂದರೆ ರೂಟರ್ ಬದುಕಿದೆ. ಪಿಂಗ್ ಮಾಡಿದೆ. ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮಜ್ಜ ಆಚೆ ದಿನ್ನೆಯವನಿಗೆ "ಹೋ" ಎಂದು ಕೂಗಿ, ತಿರುಗಿ "ಹೋ" ಬರುತ್ತದೋ, ಎಷ್ಟು ತಡವಾಗಿ ಬರುತ್ತದೋ ಎಂದು ಕಿವಿಗೊಡುತ್ತಿದ್ದ. ಪಿಂಗ್ ಎಂದರೂ ಅಷ್ಟೇ. ನಮ್ಮ ಪೆಟ್ಟಿಗೆಗೆ ಕೂಗಿದರೆ ಕೂಡಲೇ ಓಗೊಟ್ಟಿತು. ಹೊರಗಿನ ಯಾವ ವಿಳಾಸಕ್ಕೆ ಕೂಗಿದರೂ ಉತ್ತರವಿಲ್ಲ. ತೊಂದರೆ ಪೆಟ್ಟಿಗೆಯಲ್ಲಿದೆಯೋ ತಂತಿಯಲ್ಲಿದೆಯೋ ತಿಳಿಯಲು ಅದರ ದೀಪಗಳನ್ನು ನೋಡಬೇಕು. ದೀಪಗಳು ಆ ಬಾಗಿಲಿನ ಹಿಂದಿವೆ.

ಗಂಡನಿಗೆ ಫೋನ್ ಮಾಡಿದೆ. "ಆಫ್ ಮಾಡಿ ಆನ್ ಮಾಡು" ಅಂದರು. ಲೋಕದಲ್ಲಿ ಗಂಡಸರಿಗೆಲ್ಲ ಈ ಒಂದು ವಿದ್ಯೆ ಹೇಗೋ ಬಂದುಬಿಟ್ಟಿದೆ. "ಅಷ್ಟು ನಂಗೂ ಗೊತ್ತು" ಎಂದು ಇಟ್ಟೆ.

"ಅತ್ತೆ, ಒಳಗೆ ಹೋಗಿ ಆ ಪೆಟ್ಟಿಗೆ ದೀಪ ಹೆಂಗವೆ ಹೇಳ್ರಿ."

ಅತ್ತೆ ಒಳಗೆ ಹೋದರು. ನಾನು ಹೊಸ್ತಿಲ ಈಚೆ ನಿಂತೆ. ಗೂಡು ಬಾಗಿಲಿನ ಹಿಂದಿನ ಮೂಲೆಯಲ್ಲಿದೆ. ಕತ್ತು ಉದ್ದ ಮಾಡಿದರೂ ಅತ್ತೆಯ ಬೆನ್ನು ಬಿಟ್ಟು ಬೇರೇನೂ ಕಾಣದು.

"ಹಸುರು ಐತೆ. ಇನ್ನೊಂದು ಹಸುರು ಐತೆ. ಆಮ್ಯಾಕೆ ಒಂದು ಕೆಂಪು, ಮಿಣಕ್ ಮಿಣಕ್ ಅಂತೈತೆ."

ಕೆಂಪು ಮಿಣುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಆಫ್ ಮಾಡಿ ಆನ್ ಮಾಡಿದರೆ ಅದು ಹೋಗುವುದಿಲ್ಲ. ಆದರೂ ಮಾಡಿಸಿದೆ. ಹೋಗಲಿಲ್ಲ.

ಲೈನಿನವನಿಗೆ ಫೋನ್ ಹಚ್ಚಿದೆ. ಅವನು ನಮ್ಮ ತಾಲೂಕಿನ ಸಿದ್ದಾಪುರದ ಕಡೆ ಎಲ್ಲೋ ಕಂಬದ ಮೇಲಿದ್ದ. "ನಿಮ್ಮ ಬೀದಿ ಲೈನ್ ಸರಿ ಐತ್ರಿ ಮೇಡಂ, ನಂಗೆ ಇಲ್ಲೇ ಕಾಣ್ತೈತೆ. ನಿಮ್ಮ ಮನೆ ಒಳಗೇ ವೈರ್ ಎಲ್ಲಾದ್ರೂ ಮಡಚೈತೇನೋ ನೋಡ್ರಿ. ನಾನು ಬರೋದು ಸಂಜೆ ಆಗ್ತೈತೆ."

ಫೋನ್ ಇಡುವಷ್ಟರಲ್ಲಿ ವಕೀಲರ ಕರೆ. ನಮ್ಮ ಕೇಸು ಕೂಗಿದರಂತೆ. ತಾಂತ್ರಿಕ ತೊಂದರೆ ಎಂದು ಕೇಳಿಕೊಂಡಿದ್ದಕ್ಕೆ ಜಡ್ಜ್ ಇನ್ನೊಂದು ಕೇಸು ಮುಗಿಸಿ ಮತ್ತೆ ಕರೆಯುತ್ತಾರಂತೆ. "ಆಗಲೂ ಕಾಣಿಸದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಮೇಡಂ." ಮೇಲಿನಿಂದ ಮಗು ನನ್ನನ್ನು ಕೂಗಿತು, "ಅತ್ತೇ, ಅಮ್ಮ ಅಳ್ತಾಳೆ!"

"ಅತ್ತೆ, ಪೆಟ್ಟಿಗೆಯಿಂದ ಕಿಟಕಿಗೆ ಒಂದು ಸಣ್ಣ ವೈರ್ ಹೋಗೈತಲ್ಲ, ಅದು ಎಲ್ಲಾದ್ರೂ ಮಡಚೈತಾ ನೋಡ್ರಿ."

ಅತ್ತೆಯ ಕೈ ಗೂಡಿನ ಕಡೆ ಹೋಗಿ ಹಿಂದಕ್ಕೆ ಬಂತು.

"ಅತ್ತೆ!"

"ಕಂಕಣ ಕಟ್ಟೀನಿ," ಅಂದರು ಅತ್ತೆ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅರಿಶಿನ ದಾರಕ್ಕೆ ಅರಿಶಿನ ಕೊಂಬು ಸೇರಿಸಿ ಕಟ್ಟುವ ಕಂಕಣ. ಮದುವೆಯಲ್ಲಿ ಕೈಗೆ ಕಟ್ಟುತ್ತಾರೆ. ಹರಕೆ ಹೊತ್ತರೆ ಕೊಡಕ್ಕೆ, ಕಂಬಕ್ಕೆ ಕಟ್ಟುತ್ತಾರೆ. ಮಗಳ ಮಾತು ಹೋಗುವ ದಾರಿ ಇದೇ ಎಂದು ನಾನೇ ಅವರಿಗೆ ಹೇಳಿದ್ದೆನಲ್ಲ! ಆ ದಾರಿ ಸುಗಮವಾಗಲೆಂದು ಅವತ್ತಿನ ಪೂಜೆಯಲ್ಲಿ ತಂತಿಯನ್ನು ಕೊಂಬಿನ ಸುತ್ತ ಮಡಚಿ, ಒದ್ದೆ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿದ್ದರು. ಗಾಜಿನ ನೂಲು ಹಾಗೆ ಮುರುಟಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ.

"ಬಿಚ್ಚಿಬಿಡ್ರಿ."

"ಬಿಚ್ಚಬಾರದು ಕಣೇ. ಕೆಲಸ ಆಗೋಗಂಟ ಬಿಚ್ಚಂಗಿಲ್ಲ. ಬಿಚ್ಚಿದ್ರೆ ಮಗು..."

"ಬಿಚ್ಚದಿದ್ರೆ ಮಗು ಹೋಗ್ತೈತೆ ಅತ್ತೆ! ಅದನ್ನ ಕಟ್ಟಿದ್ದಕ್ಕೇ ದಾರಿ ಮುಚ್ಚೈತೆ!" ನಾನು ಕಿರುಚಿದೆ. ಬಾಗಿಲ ಚೌಕಟ್ಟನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಒಂದು ಹೆಜ್ಜೆ ಇಟ್ಟಿದ್ದರೆ ಒಳಗಿರುತ್ತಿದ್ದೆ. ಯಾಕೆ ಇಡಲಿಲ್ಲವೆಂದು ಈಗಲೂ ಕೇಳಿಕೊಳ್ಳುತ್ತೇನೆ. ಹೆದರಿದ್ದು ದೇವರಿಗಲ್ಲ. ಕೇಸು ಏನಾದರೂ ಹೆಚ್ಚುಕಮ್ಮಿಯಾದರೆ ನಾನು ಕಾಲಿಟ್ಟಿದ್ದರಿಂದಲೇ ಆಯಿತೆಂದು ಈ ಹೆಂಗಸು ಸಾಯುವ ತನಕ ನಂಬಿಕೊಂಡಿರುತ್ತಾರಲ್ಲ ಎಂದು ಹೆದರಿದೆ.

ಅತ್ತೆಯ ಬೆನ್ನು ಬಾಗಿತು. ಬಳೆಗಳ ಸದ್ದು, ಏದುಸಿರು. ಬಿಚ್ಚುತ್ತಿದ್ದರು. ಒದ್ದೆ ನೂಲಿನ ಗಂಟು ಎಳೆದಷ್ಟೂ ಬಿಗಿಯುತ್ತದೆ. ಅವರ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಈಳಿಗೆ ತರಲಾ ಎಂದರು. ಬೇಡವೇ ಬೇಡ, ನೂಲು ಕುಯ್ಯಲು ಹೋಗಿ ವೈರ್ ಕುಯ್ದರೆ ಎಲ್ಲ ಮುಗಿಯಿತು ಎಂದೆ. ಕೈಯಲ್ಲಿದ್ದ ಮೊಬೈಲು ಮತ್ತೆ ಹೊಡೆದುಕೊಂಡಿತು. ವಕೀಲರು. ಎತ್ತಲಿಲ್ಲ.

ಆಗ ಒಳಗಿನ ಬಳೆ ಸದ್ದು ನಿಂತಿತು. ಅತ್ತೆ ತಿರುಗಿ ನನ್ನ ಕಡೆ ನೋಡಿದರು. ಕೆನ್ನೆಯ ಮೇಲೆ ನೀರು.

"ಲೋಪಲಿಕಿ ರಾ ತಲ್ಲೀ," ಅಂದರು.

ಒಳಗೆ ಬಾ ತಾಯಿ ಎಂದು. ಅವರು ತಲ್ಲಿ ಎಂದು ಕರೆಯುತ್ತಿದ್ದುದು ಮಗಳನ್ನು ಮಾತ್ರ. ಗಾಬರಿಯಲ್ಲಿ ಬಾಯಿ ತಪ್ಪಿತೇನೋ ಎಂದು ನಿಂತೆ. "ರಾ! ನಾಕು ಕಣಪಡಲೇದು," ಎಂದು ಕೂಗಿದರು. ನನಗೆ ಕಾಣುತ್ತಿಲ್ಲ ಎಂದು.

ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ. ಗೂಡಿನ ಮುಂದೆ ಮಂಡಿಯೂರಿದ್ದು ನೆನಪಿದೆ. ಉಗುರು ಹಾಕಿದೆ, ಗಂಟು ಜಗ್ಗಲಿಲ್ಲ. ಅತ್ತೆ ತಮ್ಮ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೈಗಿಟ್ಟರು. ಪಿನ್ನಿನ ಮೊನೆಯನ್ನು ಗಂಟಿನೊಳಗೆ ತೂರಿಸಿ, ಮೀಟಿ, ಒಂದು ಎಳೆ ಸಡಿಲಿಸಿದೆ. ಇನ್ನೊಂದು ಎಳೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು. ದಾರ ಕಳಚಿತು. ಕೊಂಬು ಉರುಳಿ ಕೆಳಗೆ ಬಿತ್ತು. ತಂತಿಯನ್ನು ಎಳೆಯದೆ, ಮೆಲ್ಲಗೆ ಬೆರಳಿನಿಂದ ನೇರ ಮಾಡಿದೆ.

ಕೆಂಪು ಇನ್ನೂ ಮಿಣುಕುತ್ತಿತ್ತು. ಒಳಗೆ ನೂಲು ಮುರಿದೇ ಹೋಗಿದ್ದರೆ? ಇಬ್ಬರೂ ಆ ಚುಕ್ಕೆಯನ್ನೇ ನೋಡಿದೆವು. ದೇವರನ್ನು ಇಬ್ಬರೂ ನೋಡಲಿಲ್ಲ.

ಕೆಂಪು ಆರಿತು. ಪಕ್ಕದಲ್ಲಿ ಹಸಿರು ಮಿಣುಕಿತು, ಮಿಣುಕಿ ಮಿಣುಕಿ ನಿಂತಿತು.

"ಇಳೀರೇ ಕೆಳಗೆ!" ಎಂದು ಕೂಗಿದ್ದು ಅತ್ತೆಯೋ ನಾನೋ ತಿಳಿಯದು. ನಾದಿನಿ ಮೆಟ್ಟಿಲು ಹಾರಿಕೊಂಡು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಸೀರೆಯ ನೆರಿಗೆ ಕೆದರಿತ್ತು, ಕಣ್ಣು ಕೆಂಪಗಿತ್ತು. ಜಡ್ಜ್ ಮುಖ ಮೂಡಿದಾಗ ಅವರು ಆಗಲೇ ನಮ್ಮ ಕೇಸಿನ ಕಾಗದ ಬಿಡಿಸುತ್ತಿದ್ದರು.

ಅವರು ಹೆಂಗಸು. ಮಗುವನ್ನು ಶಾಲೆ, ಊಟ, ಗೆಳತಿಯರು ಎಂದು ಕೇಳಿದರು. ಮಗು ಎಲ್ಲಕ್ಕೂ ಸರಾಗವಾಗಿ ಉತ್ತರ ಕೊಟ್ಟಿತು. "ಈಗ ಯಾಕೆ ತಡವಾಯಿತು?" ಎಂದಾಗ, "ನಮ್ಮಜ್ಜಿ ವೈರಿಗೆ ದಾರ ಕಟ್ಟಿದ್ರು, ನಮ್ಮತ್ತೆ ಬಿಚ್ಚಿದ್ರು" ಅಂದಿತು. ಮೇಲಿದ್ದವಳಿಗೆ ಅದು ಹೇಗೆ ತಿಳಿಯಿತೋ. ನನ್ನ ಕಿರುಚಾಟ ಬೀದಿಗೇ ಕೇಳಿಸಿತ್ತೆಂದು ಆಮೇಲೆ ಗೊತ್ತಾಯಿತು. ಜಡ್ಜ್ ನಗಲಿಲ್ಲ. ಬರೆದುಕೊಂಡರು. ಆದೇಶ ಆಮೇಲೆ ಎಂದರು.

ಅವತ್ತು ಸಂಜೆ ಅತ್ತೆ ದೇವರ ಮನೆಯನ್ನು ಪೂರ್ತಿ ತೊಳೆದು ಗೋಮೂತ್ರ ಚಿಮುಕಿಸಿದರು. ನಾನು ಹಾಲಿನಲ್ಲಿ ಕೂತು ನೋಡಿದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಲಸ ಇದ್ದಾಗ ತಲ್ಲಿ, ಕೆಲಸ ಮುಗಿದ ಮೇಲೆ ಮೈಲಿಗೆ. ರಾತ್ರಿ ಊಟ ಮಾಡಲಿಲ್ಲ. ಅತ್ತೆಯೂ ಮಾಡಲಿಲ್ಲ. ಮರುದಿನದಿಂದ ಮತ್ತೆ ಕನ್ನಡ.

ಅವರಿಗೆ ಇನ್ನೊಂದು ಭಯ ಹತ್ತಿತ್ತು. ಕೆಲಸವಾಗುವ ಮುಂಚೆ ಕಂಕಣ ಬಿಚ್ಚಿದ್ದಾಗಿತ್ತು. ಆ ದಾರ ಮತ್ತು ಕೊಂಬನ್ನು ತಟ್ಟೆಯಲ್ಲಿಟ್ಟು ದೇವರ ಮುಂದೆ ಇಟ್ಟಿದ್ದರು. ದಿನಾ ಮೊಮ್ಮಗಳ ಜಡೆ ಹೆಣೆಯುವಾಗ ಅವಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಡುತ್ತಿದ್ದರು. ಯಾರ ಫೋನ್ ಸದ್ದು ಮಾಡಿದರೂ ಬೆಚ್ಚುತ್ತಿದ್ದರು. ವೈಜ್ಞಾನಿಕವಾಗಿ ಬಿಡಿಸಿ ಹೇಳಲು ನಾನು ಒಂದೆರಡು ಸಲ ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಆದೇಶ ಬಂದದ್ದು ಮುಂದಿನ ತಿಂಗಳು. ವಕೀಲರು ಫೋನ್ ಮಾಡಿ ಓದಿದರು: ಕೇಸು ಮುಗಿಯುವ ತನಕ ಮಗು ತಾಯಿಯ ಹತ್ತಿರವೇ ಇರಬೇಕು, ತಂದೆ ರಜೆಯಲ್ಲಿ ಬಂದು ನೋಡಬಹುದು. ನಾದಿನಿ ನೆಲಕ್ಕೆ ಕುಸಿದು ಅತ್ತಳು. ಮಗು ಏನೆಂದು ತಿಳಿಯದೆ ತಾಯಿಯ ಬೆನ್ನಿಗೆ ಆತುಕೊಂಡಿತು. ನಾನು ಚಾಪೆಯ ತುದಿಯಲ್ಲಿ ಕೂತಿದ್ದೆ. ಅವತ್ತು ನಾನು ಮತ್ತೆ ಹೊರಗಾಗಿದ್ದೆ. ಅದು ಅತ್ತೆಗೂ ಗೊತ್ತಿತ್ತು.

ಅತ್ತೆ ಎದ್ದು ದೇವರ ಮನೆಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕರೆದರು.

"ಏಯ್, ಆ ಪೆಟ್ಟಿಗೇದು ಕೆಂಪು ದೀಪ ಬಂದಂಗೈತೆ. ಬಂದು ನೋಡು."

ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು. ಹೊಸ್ತಿಲಿನ ತನಕ ಹೋಗಿ ನಿಂತೆ. ಅತ್ತೆ ಗೂಡಿನ ಮುಂದೆ ಬಾಗಿಲಿಗೆ ಬೆನ್ನು ಮಾಡಿಕೊಂಡು ಕೂತಿದ್ದರು. ಕೈಯಲ್ಲಿ ಆ ಹಳೇ ಕಂಕಣ. ಅವರ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿತ್ತು.

"ರಾ," ಅಂದರು, ತಿರುಗಿ ನೋಡದೆ.

ಒಳಗೆ ಹೋಗಿ ಮಣೆಯ ಮೇಲೆ ಕೂತೆ. ದೀಪಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಹಸಿರಾಗಿದ್ದವು. ಅತ್ತೆ ನನ್ನ ಬಲಗೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿಗೆ ಆ ದಾರ ಸುತ್ತತೊಡಗಿದರು. ಪೊರೆ ಬಂದ ಕಣ್ಣು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ನಾನು ಸುಮ್ಮನೆ ಕೈ ಕೊಟ್ಟು ಕೂತಿದ್ದೆ.